ಪಿಗ್ಮಿ ಠೇವಣಿ: ಬಡ್ಡಿ ಕಡಿಮೆಯಾದರೂ ಮುಂದುವರಿಸುತ್ತಿರುವುದೇಕೆ?

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಕಿರಾಣಿ ಅಂಗಡಿ ನಡೆಸುವ ನಾನು ಹಲವು ವರ್ಷಗಳಿಂದ ಒಂದು ಸಹಕಾರಿ ಬ್ಯಾಂಕಿನಲ್ಲಿ ಪಿಗ್ಮಿ, ಅಂದರೆ ದಿನವೂ ಸಂಗ್ರಾಹಕರ ಕೈಗೆ ಸಣ್ಣ ಮೊತ್ತ ಕೊಟ್ಟು ಕೂಡಿಡುವ ಠೇವಣಿ, ಕಟ್ಟುತ್ತಿದ್ದೇನೆ. ಬಡ್ಡಿಯನ್ನಷ್ಟೇ ನೋಡುವವರಿಗೆ ಇದು ಒಳ್ಳೆಯ ಯೋಜನೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ದಿನದ ವ್ಯಾಪಾರವನ್ನೇ ನಂಬಿ ಬದುಕುವವರ ಕೈಯಲ್ಲಿ ಹಣ ನಿಲ್ಲುವಂತೆ ಮಾಡುವುದರಲ್ಲಿ ಇದಕ್ಕಿಂತ ಉಪಯುಕ್ತವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಈ ಪದ್ಧತಿ ನಮ್ಮ ಕರಾವಳಿಯದೇ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಯೋಜನೆಯನ್ನು ತಂದಿತು. ಸಂಗ್ರಾಹಕರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಳ್ಳುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪದ್ಧತಿ ಮಾತ್ರ ನಮ್ಮ ಜಿಲ್ಲೆಯ ಪೇಟೆಪೇಟೆಗಳಲ್ಲಿ ಇಂದಿಗೂ ಉಳಿದಿದೆ.

ಬಂದರಿನ ಆದಾಯಕ್ಕೆ ಒಂದು ವಿಶೇಷ ಗುಣವಿದೆ. ಬಂಗಡೆಯೋ ತಾರ್ಲೆಯೋ ಚೆನ್ನಾಗಿ ಸಿಕ್ಕ ದಿನ ಖಲಾಸಿಗಳ ಕೈಗೆ ಪಾಲಿನ ಹಣ ಬರುತ್ತದೆ, ನಮ್ಮ ಅಂಗಡಿಗಳಲ್ಲೂ ವ್ಯಾಪಾರ ಏರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅದೇ ಗಿರಾಕಿಗಳು ಅಕ್ಕಿ, ಎಣ್ಣೆಗಳನ್ನು ಉದ್ರಿ ಬರೆಸಿ ಒಯ್ಯುತ್ತಾರೆ. ಶಾಲೆಯ ಶುಲ್ಕ, ಮಾಡಿನ ದುರಸ್ತಿ, ಮಳೆಗಾಲದ ಜ್ವರ ಎಲ್ಲವೂ ಬರುವುದು ಆಗಲೇ. ಇದನ್ನು ದುಂದುಗಾರಿಕೆಯೆಂದು ಹೊರಗಿನವರು ಹೇಳುವುದನ್ನು ಕೇಳಿದ್ದೇನೆ, ಆ ಮಾತು ಸರಿಯಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ನಂತರ ಪರೀಕ್ಷಿಸಿದಾಗ, ಹಣದ ಅಡಚಣೆಯಿದ್ದ ಕಾಲದಲ್ಲಿ ಅದೇ ರೈತರು ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದಿದ್ದರು. ಮನುಷ್ಯ ಅವನೇ ಆದರೂ ಚಿಂತೆಯು ಅವನ ಬುದ್ಧಿಯ ಒಂದು ಭಾಗವನ್ನು ಆಕ್ರಮಿಸಿಕೊಂಡಿರುತ್ತದೆ. ಆದ್ದರಿಂದ ಜುಲೈ ತಿಂಗಳಿಗೆ ಬೇಕಾದ ನಿರ್ಧಾರವನ್ನು ಜುಲೈಯಲ್ಲಿ ತೆಗೆದುಕೊಳ್ಳಬಾರದು, ಕೈಯಲ್ಲಿ ಹಣ ಓಡಾಡುವ ನವೆಂಬರ್, ಡಿಸೆಂಬರ್‌ಗಳಲ್ಲೇ ಅದು ದಿನದಿನವೂ ತಾನಾಗಿ ನಡೆದುಹೋಗಬೇಕು. ಪಿಗ್ಮಿ ಮಾಡುವುದು ಇದನ್ನೇ.

ನಾನು ಸಾಮಾನ್ಯವಾಗಿ ದಿನಕ್ಕೆ 200 ರೂಪಾಯಿ ಕಟ್ಟುತ್ತೇನೆ. ಸಂಗ್ರಾಹಕರು ಸಂಜೆ ಅಂಗಡಿಗೆ ಬಂದು ಚಿಕ್ಕ ಯಂತ್ರದಲ್ಲಿ ರಸೀದಿ ಮುದ್ರಿಸಿ ಕೊಡುತ್ತಾರೆ, ಮೊಬೈಲಿಗೆ ಸಂದೇಶವೂ ಬರುತ್ತದೆ. ತಿಂಗಳ ಹತ್ತನೆಯ ತಾರೀಕಿಗೆ ಒಮ್ಮೆಲೇ 5,000 ರೂಪಾಯಿ ತೆಗೆದಿಡಬೇಕೆಂದರೆ ಮನಸ್ಸು ಅದನ್ನು ನಷ್ಟವೆಂದೇ ಎಣಿಸಿ ನೆಪಗಳನ್ನು ಹುಡುಕುತ್ತದೆ, ಆದರೆ 200 ರೂಪಾಯಿ ಒಂದು ಗಿರಾಕಿಗೆ ಚಿಲ್ಲರೆ ಕೊಟ್ಟಷ್ಟು ಸಲೀಸಾಗಿ ಹೊರಡುತ್ತದೆ. ದೊಡ್ಡ ಮೊತ್ತವನ್ನು ದಿನದ ಲೆಕ್ಕಕ್ಕೆ ಒಡೆದು ಹೇಳಿದರೆ ಜನ ಸುಲಭವಾಗಿ ಒಪ್ಪುತ್ತಾರೆ ಎಂಬುದನ್ನು ಜಾನ್ ಗೌರ್ವಿಲ್ ಎಂಬ ಸಂಶೋಧಕರು 1998ರಲ್ಲೇ ತೋರಿಸಿದ್ದರು. ಮೊಬೈಲ್ ಮತ್ತು ಬೈಕುಗಳನ್ನು ಕಂತಿನಲ್ಲಿ ಮಾರುವವರು ನಮ್ಮ ಈ ಸ್ವಭಾವವನ್ನು ಚೆನ್ನಾಗಿ ಬಲ್ಲರು. ಅದೇ ಸ್ವಭಾವವನ್ನು ನಮ್ಮ ಹಿತಕ್ಕೆ ತಿರುಗಿಸುವ ವ್ಯವಸ್ಥೆಗಳು ವಿರಳ, ಅವುಗಳಲ್ಲಿ ಪಿಗ್ಮಿಯೂ ಒಂದು.

ಯುಪಿಐ ಬಂದ ಮೇಲೆ ಪಿಗ್ಮಿಯ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ. ಈಗ ವ್ಯಾಪಾರದ ದೊಡ್ಡ ಪಾಲು ಗಲ್ಲಾಪೆಟ್ಟಿಗೆಗೆ ಬರದೆ ನೇರವಾಗಿ ಬ್ಯಾಂಕ್ ಖಾತೆಗೆ ಸೇರುತ್ತದೆ, ಸಗಟು ವ್ಯಾಪಾರಿಗೆ ಕೊಡಬೇಕಾದದ್ದು, ಮನೆಖರ್ಚಿನದು, ಲಾಭ ಎಲ್ಲವೂ ಅಲ್ಲಿ ಒಂದೇ ಅಂಕಿಯಾಗಿ ಕಾಣುತ್ತವೆ. ನೋಟು ಎಣಿಸಿ ಕೊಡುವಾಗ ಮನಸ್ಸಿಗೆ ಆಗುವ ಸಣ್ಣ ನೋವು ಫೋನಿನಲ್ಲಿ ಕೊಡುವಾಗ ಆಗುವುದಿಲ್ಲ. ಯುಪಿಐ 2016ರಲ್ಲಿ ಬಂದದ್ದು, ಆದರೆ ಕಾರ್ಡುಗಳ ಬಗ್ಗೆ ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲೇ ಒಂದು ಪ್ರಯೋಗವನ್ನು ಪ್ರಕಟಿಸಿದ್ದರು: ಅಮೆರಿಕದ ವಿದ್ಯಾರ್ಥಿಗಳು ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟಿಗೆ ನಗದು ಕೊಡಬೇಕಾದಾಗ ಕೂಗಿದ ಬೆಲೆಯ ಸುಮಾರು ಇಮ್ಮಡಿಯನ್ನು ಕಾರ್ಡಿನಲ್ಲಿ ಕೊಡಬಹುದೆಂದಾಗ ಕೂಗಿದ್ದರು. ಖರ್ಚು ಇಷ್ಟು ಸುಲಭವಾದ ಮೇಲೆ ಉಳಿತಾಯವೂ ಅಷ್ಟೇ ಸುಲಭವಾಗಬೇಡವೇ?

ಹಣಕ್ಕೆ ಹೆಸರಿಡುವುದರಿಂದಲೂ ಬಹಳ ಪ್ರಯೋಜನವಿದೆ. ಮನುಷ್ಯರು ಮನಸ್ಸಿನಲ್ಲೇ ಬೇರೆ ಬೇರೆ ಖಾತೆಗಳನ್ನು ಇಟ್ಟುಕೊಳ್ಳುತ್ತಾರೆ ಎಂದು ವಿವರಿಸಿದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸೋಮನ್ ಮತ್ತು ಚೀಮಾ ಭಾರತದ ಕೂಲಿಕಾರ್ಮಿಕರ ನಡುವೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು: ಉಳಿತಾಯದ ಹಣವಿಟ್ಟ ಲಕೋಟೆಯ ಮೇಲೆ ಮಕ್ಕಳ ಭಾವಚಿತ್ರವಿದ್ದರೆ ಕುಟುಂಬಗಳು ಹೆಚ್ಚು ಉಳಿಸುತ್ತಿದ್ದವು. ನನ್ನ ಪಿಗ್ಮಿ ಪಾಸ್‌ಪುಸ್ತಕದ ಮೇಲೆ ಮಗಳ ಕಾಲೇಜಿನ ಶುಲ್ಕ ಎಂದು ಬರೆದಿದ್ದೇನೆ, ಖಾತೆಯ ಅವಧಿ ಮೇ ಕೊನೆಯ ವಾರ ಮುಗಿಯುವಂತೆಯೂ ನೋಡಿಕೊಂಡಿದ್ದೇನೆ. ಈ ಎರಡನೆಯದು ಬಹಳ ಮುಖ್ಯ. ಚೌತಿಯ ಹೊತ್ತಿಗೆ ಹಣ ಕೈಗೆ ಬಂದರೆ ಅದು ಹಬ್ಬದ ಹಣವಾಗಿಬಿಡುತ್ತದೆ.

ಇನ್ನು ಬಡ್ಡಿಯ ಮಾತು. ನನಗೆ ಸಿಗುತ್ತಿರುವುದು ವರ್ಷಕ್ಕೆ ಶೇ 3. ರಜಾದಿನಗಳನ್ನು ಬಿಟ್ಟು ಸುಮಾರು 300 ದಿನ 200 ರೂಪಾಯಿಯಂತೆ ಕಟ್ಟಿದರೆ 60,000 ರೂಪಾಯಿಯಾಗುತ್ತದೆ, ಅದರ ಮೇಲೆ ಬರುವ ಬಡ್ಡಿ 900 ರೂಪಾಯಿಯ ಆಸುಪಾಸು. ಅದೇ ಹಣವನ್ನು ತಿಂಗಳಿಗೆ 5,000ದಂತೆ ಶೇ 6.5ರ ಆರ್.ಡಿ.ಯಲ್ಲಿ (ತಿಂಗಳಿಗೊಮ್ಮೆ ನಿಗದಿತ ಕಂತು ಕಟ್ಟುವ ರಿಕರಿಂಗ್ ಡೆಪಾಸಿಟ್) ಕಟ್ಟಿದ್ದರೆ ಸುಮಾರು 2,100 ರೂಪಾಯಿ ಬರುತ್ತಿತ್ತು. ಅಂದರೆ ವರ್ಷಕ್ಕೆ 1,200 ರೂಪಾಯಿಯನ್ನು ನಾನು ಬಿಟ್ಟುಕೊಡುತ್ತಿದ್ದೇನೆ. ಒಬ್ಬ ಮನುಷ್ಯ ಮಳೆಯಲ್ಲೂ ಛತ್ರಿ ಹಿಡಿದು ಬಾಗಿಲಿಗೆ ಬಂದು, ಹಣ ಬೇರೆ ದಾರಿಗೆ ಹೋಗುವ ಮೊದಲೇ ಒಯ್ಯುವುದಕ್ಕೆ ಕೊಡುವ ಬೆಲೆ ಅದು ಎಂದು ನಾನು ತಿಳಿದಿದ್ದೇನೆ, ಹೆಚ್ಚೆಂದು ನನಗೆ ಅನ್ನಿಸಿಲ್ಲ. ನಿಷೇಧದ ತಿಂಗಳುಗಳಲ್ಲಿ ಮೊತ್ತವನ್ನು 50 ರೂಪಾಯಿಗೆ ಇಳಿಸಿದರೂ ಯಾರೂ ದಂಡ ಹಾಕುವುದಿಲ್ಲ. ಅಂಚೆ ಕಚೇರಿಯ ಆರ್.ಡಿ.ಯಲ್ಲಾದರೆ ತಪ್ಪಿದ ಪ್ರತಿ ಕಂತಿನ ನೂರು ರೂಪಾಯಿಗೆ ಒಂದು ರೂಪಾಯಿ ದಂಡವಿದೆ, ಮೂರು ವರ್ಷ ತುಂಬುವವರೆಗೆ ಖಾತೆ ಮುಚ್ಚಲೂ ಬರುವುದಿಲ್ಲ.

ಅವಧಿಗೆ ಮುಂಚೆ ಪಿಗ್ಮಿ ಮುರಿದರೆ ನಮ್ಮ ಬ್ಯಾಂಕು ಬಡ್ಡಿ ಕೊಡದೆ ಸಂಗ್ರಾಹಕರ ಕಮಿಷನ್ನನ್ನೂ ಕಡಿತ ಮಾಡುತ್ತದೆ. ಹಲವರು ಇದನ್ನು ದೋಷವೆನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಇದೇ ಅದರ ಬಲ. ನಿಜವಾದ ದೋಷ ಪಿಗ್ಮಿಯ ಮೇಲೆ ಕೊಡುವ ಸಾಲ. ಕಟ್ಟಿದ ಹಣದ ಆಧಾರದ ಮೇಲೆ ಸುಲಭವಾಗಿ ಸಿಗುವ ಈ ಸಾಲವನ್ನು ಪಡೆದರೆ, ಒಂದು ಉದ್ದೇಶಕ್ಕೆಂದು ಕಾಯ್ದಿಟ್ಟ ಹಣ ಬೇರೊಂದು ಖರ್ಚಿಗೆ ಸೋರಿಹೋಗುತ್ತದೆ ಮತ್ತು ಅದಕ್ಕೆ ನಾವೇ ಬಡ್ಡಿಯನ್ನೂ ತೆರುತ್ತೇವೆ.

ಹೊಸದಾಗಿ ಸೇರುವವರು ಸಂಸ್ಥೆ ಯಾವ ಬಗೆಯದೆಂದು ಕೇಳಿ ತಿಳಿಯಲೇಬೇಕು. ಠೇವಣಿ ವಿಮೆಯಿರುವ ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರನಿಗೆ ಅಸಲು ಮತ್ತು ಬಡ್ಡಿ ಕೂಡಿ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಈ ಮಿತಿ 2020ರ ಫೆಬ್ರವರಿ 4ರಿಂದ ಜಾರಿಯಲ್ಲಿದೆ. ಪಿಗ್ಮಿ ಸಂಗ್ರಹಿಸುವ ಪತ್ತಿನ ಸಹಕಾರಿ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಸಂಗ್ರಾಹಕರು ಪರಿಚಿತರು, ಊರಿನವರೇ ಎಂಬ ಭರವಸೆಯಲ್ಲಿ ನಮ್ಮ ಕಡೆ ಈ ವ್ಯತ್ಯಾಸವನ್ನು ವಿಚಾರಿಸುವವರೇ ಕಡಿಮೆ. ರಸೀದಿಗಳನ್ನು ತಿಂಗಳಿಗೊಮ್ಮೆಯಾದರೂ ಪಾಸ್‌ಪುಸ್ತಕದೊಂದಿಗೆ ತಾಳೆ ನೋಡುವುದು ಸಂಗ್ರಾಹಕರ ಮೇಲಿನ ಅಪನಂಬಿಕೆಯಲ್ಲ, ಅವರಿಗೂ ಅದರಿಂದ ಅನುಕೂಲವೇ.

ತಿಂಗಳ ಸಂಬಳ ಪಡೆಯುವವರಿಗೆ ನಾನು ಪಿಗ್ಮಿಯನ್ನು ಶಿಫಾರಸು ಮಾಡುವುದಿಲ್ಲ. ಸಂಬಳದ ಮರುದಿನವೇ ಖಾತೆಯಿಂದ ತಾನಾಗಿ ಕಡಿತವಾಗುವ ಆರ್.ಡಿ. ಅವರಿಗೆ ಇದೇ ಕೆಲಸವನ್ನು ಹೆಚ್ಚಿನ ಬಡ್ಡಿಯೊಂದಿಗೆ ಮಾಡಿಕೊಡುತ್ತದೆ. ಮೀನು ಮಾರುವವರು, ಹೂವಿನವರು, ರಿಕ್ಷಾ ಓಡಿಸುವವರು, ನನ್ನಂತಹ ಅಂಗಡಿಕಾರರು ವಿಮೆಯುಳ್ಳ ಬ್ಯಾಂಕಿನಲ್ಲಿ ಒಂದು ವರ್ಷದ ಅವಧಿಗೆ, ಒಂದೇ ಉದ್ದೇಶಕ್ಕೆ ಖಾತೆ ತೆರೆಯಬಹುದು, ಅವಧಿ ಮುಗಿದ ದಿನ ಆ ಹಣವನ್ನು ಅದೇ ಉದ್ದೇಶಕ್ಕೆ ಬಳಸಿ, ಮರುದಿನದಿಂದಲೇ ಮತ್ತೆ ಕಟ್ಟಲು ಆರಂಭಿಸಬಹುದು.