ಉದ್ದ ಹಿಡಿಯ ಚೈನ್ ಕಟರ್: ಜಗ್ಗದ ಪಿನ್ನಿನ ಮುಂದೆ ಹೇಗಿದೆ?

ಸೈಕಲ್ ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನನ್ನು ತಿರುಪಿನ ತುದಿಯ ಮೊನೆಯಿಂದ ತಳ್ಳಿ ತೆಗೆಯುವ ಉಪಕರಣ ಚೈನ್ ಕಟರ್. ಅಲೆನ್ ಕೀಗಳ ಜೊತೆ ಮಡಚಿಕೊಳ್ಳುವ ಪುಟ್ಟ ಚೈನ್ ಕಟರ್‌ಗೂ ಉದ್ದ ಹಿಡಿಯ ವರ್ಕ್‌ಶಾಪ್ ಕಟರ್‌ಗೂ ಇರುವ ವ್ಯತ್ಯಾಸ ಹೊಸ ಚೈನಿನಲ್ಲಿ ಗೊತ್ತಾಗುವುದಿಲ್ಲ. ತುಕ್ಕು ಹಿಡಿದ, ಪಿನ್ನಿನ ತುದಿಯನ್ನು ಅಗಲವಾಗಿ ಬಡಿದಿರುವ ಚೈನ್ ಸಿಕ್ಕಾಗ ಪುಟ್ಟದು ಮೊದಲು ಅಂಗೈ ನೋಯಿಸುತ್ತದೆ, ಆಮೇಲೆ ತನ್ನ ಮೊನೆಯನ್ನೇ ಮುರಿದುಕೊಳ್ಳುತ್ತದೆ.

ಮೊನೆ ಮುರಿಯುವುದು ಹೆಚ್ಚಾಗಿ ಅದು ಓರೆಯಾಗಿ ಒತ್ತಿದ್ದರಿಂದ. ಚೈನಿನ ಪಿನ್ ಸುಮಾರು 3.6 ಮಿ.ಮೀ. ದಪ್ಪ, ತಳ್ಳುವ ಮೊನೆ ಅದಕ್ಕಿಂತ ಸಣ್ಣ. ಸ್ವಲ್ಪ ವಾಲಿದರೂ ಅದು ಪಿನ್ ಬಿಟ್ಟು ಕೊಂಡಿಯ ಪಟ್ಟಿಯನ್ನು ಒತ್ತತೊಡಗುತ್ತದೆ. 8 ಸ್ಪೀಡ್ (ಹಿಂಗಾಲಿಯಲ್ಲಿ 8 ಗೇರ್ ಇರುವ ಸೈಕಲ್ಲಿನ) ಚೈನಿನ ಪಿನ್ನಿನ ಉದ್ದ 7 ಮಿ.ಮೀ. ಆಸುಪಾಸಿನಲ್ಲಿದ್ದರೆ 12 ಸ್ಪೀಡಿನದು 5ಕ್ಕಿಂತ ತುಸು ಹೆಚ್ಚು. ಅಗಲ ಚೈನಿಗೆಂದು ಮಾಡಿದ ಕಟರ್‌ನಲ್ಲಿ ಸಣ್ಣ ಚೈನ್ ಅಲುಗಾಡುತ್ತದೆ. ಹಾಗಾಗಿ ಹಿಡಿಯ ಉದ್ದಕ್ಕಿಂತ ಚೈನ್ ಬಿಗಿಯಾಗಿ ಕೂರುತ್ತದೆಯೇ ಎಂಬುದೇ ಮುಖ್ಯ. ಕೊಳ್ಳುವಾಗ ಚೈನ್ ಹಾಕದೆ ತಿರುಗಿಸಿ: ಮೊನೆ ಎದುರಿನ ತೂತಿನ ನಟ್ಟನಡುವೆ ಹೋಗಬೇಕು. ಅಂಚಿಗೆ ತಾಗಿದರೆ ಅಲ್ಲೇ ಬಿಟ್ಟು ಬನ್ನಿ.

ಕೆಲಸಕ್ಕೆ ಮುಂಚೆ ಕಟರ್‌ನ ತಿರುಪಿಗೆ ಗ್ರೀಸ್ ಹಚ್ಚಿ. ಪಿನ್ನಿನ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಹಿಡಿಯಿಂದ ದೂರದ ಹಲ್ಲುಗಳಲ್ಲಿ ಚೈನ್ ಕೂರಿಸಿ, ಹೊರಪಟ್ಟಿ ಹಿಂಬದಿಯ ಗೋಡೆಗೆ ಅಂಟಿಕೊಳ್ಳುವಂತೆ ನೋಡಿಕೊಳ್ಳಿ. ಮೊನೆ ತಾಗುವವರೆಗೆ ಬೆರಳಿನಲ್ಲೇ ತಿರುಗಿಸಿ, ಬಗ್ಗಿ ನೋಡಿ, ಆಮೇಲೆ ಬಲ ಹಾಕಿ. ಮೊದಲು ಗಟ್ಟಿ, ಒಂದು 'ಟಕ್', ನಂತರ ಒಂದೇ ಸಮನೆ ಹಗುರ: ಸರಿಯಾದ ಗುರುತು ಇದು. ತಿರುಗಿಸಿದಷ್ಟೂ ಬಿಗಿಯಾಗುತ್ತಾ ಹೋದರೆ ನಿಲ್ಲಿಸಿ, ಹಿಂದಕ್ಕೆ ಬಿಚ್ಚಿ, ಮತ್ತೆ ಕೂರಿಸಿ. ಕೊಳವೆ ತೂರಿಸಿ ಹಿಡಿ ಉದ್ದ ಮಾಡುವವರಿದ್ದಾರೆ. ಮೊನೆಗಳು ಮುರಿಯುವುದು ಹಾಗೆಯೇ.

ಆಗಲೂ ಬರಲಿಲ್ಲವೆಂದರೆ ಪಕ್ಕದ ಪಿನ್ ಹಿಡಿಯಿರಿ. ಎಸೆಯುವ ಚೈನಿಗೆ ಯಾವ ಪಿನ್ ಆದರೇನು? ಸಿಂಗಲ್ ಸ್ಪೀಡಿನ ದಪ್ಪ ಚೈನಿನಲ್ಲಿ ಪಿನ್ನಿನ ತಲೆ ಅಣಬೆಯಂತೆ ಅರಳಿದ್ದರೆ ಅರದಿಂದ ಪಟ್ಟಿಯ ಮಟ್ಟಕ್ಕೆ ಉಜ್ಜಿದ ಮೇಲೆ ತಳ್ಳುವುದು ಲೇಸು. ಹಾಗೆ ಉಜ್ಜಿದ ಪಿನ್ನನ್ನು ಮತ್ತೆ ಬಳಸಬೇಡಿ.

ಹಿಡಿಗೆ ಹತ್ತಿರ ಇನ್ನೊಂದು ಸಾಲು ಹಲ್ಲು ಇರುವ ಕಟರ್ ಆದರೆ ಇನ್ನೂ ಒಳ್ಳೆಯದು. ಜೋಡಿಸಿದ ಮೇಲೆ ಬಿಗಿಯಾಗಿ ನಿಂತ ಕೊಂಡಿಯನ್ನು ಅಲ್ಲಿಟ್ಟು ಪಿನ್ನನ್ನು ಕೂದಲೆಳೆಯಷ್ಟು ತಳ್ಳಿದರೆ ಸಡಿಲವಾಗುತ್ತದೆ. ಪುಟ್ಟ ಕಟರ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

ಮಿತಿಗಳೂ ಇವೆ. ಹಳೆಯ ಪಿನ್ನನ್ನೇ ಮರಳಿ ಒತ್ತುವುದು ಇಂದಿನ ಸಣ್ಣ ಚೈನ್‌ಗಳಿಗೆ ನಡೆಯದು. ಶಿಮಾನೊ ಕಂಪನಿಯ ಚೈನಿನ ಪಿನ್ ಜೋಡಣೆಗೆ ಪ್ರತಿ ಸಲ ಹೊಸ ಪಿನ್ ಬೇಕು, ಮೊದಲು ಜೋಡಿಸಿದ ಜಾಗದಲ್ಲೇ ಮತ್ತೆ ಕತ್ತರಿಸಬಾರದು. ಕಾಂಪಾನ್ಯೋಲೋ ಕಂಪನಿಯ 11 ಸ್ಪೀಡ್ ಚೈನಿನಲ್ಲಿ ಪಿನ್ ಹಾಕಿದ ಮೇಲೆ ಅದರ ತುದಿಯನ್ನು ಅಗಲಿಸಬೇಕು, ಅದಕ್ಕೆ ಬೇರೆ ಕಟರ್ರೇ ಬೇಕು. ಚೈನಿನಲ್ಲಿ ಬಿಚ್ಚುವ ಲಾಕ್ (ಕ್ವಿಕ್ ಲಿಂಕ್) ಇದ್ದರಂತೂ ಅದನ್ನು ಬಿಚ್ಚಲು ಕಟರ್ ಮುಟ್ಟಲೇಬೇಡಿ, ಇಕ್ಕಳ ಸಾಕು.

ಉದ್ದ ಹಿಡಿಯ ಕಟರ್‌ನ ತೂಕ ಜಾಸ್ತಿ, ಸವಾರಿಯ ಚೀಲಕ್ಕೆ ಇದು ಭಾರ. ಮನೆಯ ಉಪಕರಣ ಪೆಟ್ಟಿಗೆಗೆ ಧಾರಾಳವಾಗಿ ಕೊಳ್ಳಬಹುದು, ಒಂದು ಬದಲಿ ಮೊನೆಯನ್ನೂ ಸೇರಿಸಿ. ಮೊನೆ ಬಿಡಿಯಾಗಿ ಸಿಗದ ಕಟರ್ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಬೇಡ.