ಹತ್ತರ ನೋಟೋ, ಹತ್ತರ ನಾಣ್ಯವೋ: ಗಲ್ಲಾಕ್ಕೆ ಯಾವುದು ಒಳ್ಳೇದು?

ಹುಬ್ಬಳ್ಳಿಯ ದುರ್ಗದ ಬೈಲ್‌ನಲ್ಲಿ ಸಂಜೆ ಗಿರ್ಮಿಟ್ ಮಾರುವವರ ಗಲ್ಲಾ ನೋಡಿ. ಹತ್ತರ ನೋಟು ಎಣ್ಣೆ ಕುಡಿದು, ಮಡಿಕೆಯಲ್ಲೇ ಹರಿದು, ಟೇಪ್ ಹಚ್ಚಿಸಿಕೊಂಡಿರುತ್ತದೆ. ಸಣ್ಣ ನೋಟು ದಿನಕ್ಕೆ ಎಷ್ಟೋ ಕೈ ಬದಲಾಗುತ್ತದೆ, ಬೇಗ ಸವೆಯುತ್ತದೆ. ನಾಣ್ಯ ಮಾಡಲು ಖರ್ಚು ಜಾಸ್ತಿ, ಆದರೆ ಹತ್ತಾರು ವರ್ಷ ಬಾಳುತ್ತದೆ. ದೇಶಗಳು ನಾಣ್ಯದ ಕಡೆ ವಾಲುವುದು ಇದಕ್ಕೇ. ಬ್ರಿಟನ್ 1983ರಲ್ಲಿ 1 ಪೌಂಡ್ ನಾಣ್ಯ ತಂದಿತು. 1988ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ 1 ಪೌಂಡ್ ನೋಟನ್ನು ಹಿಂದಕ್ಕೆ ಪಡೆಯಿತು. ಕೆನಡಾದಲ್ಲಿ 1 ಡಾಲರ್ ನಾಣ್ಯ ಬಂದದ್ದು 1987ರಲ್ಲಿ. ಅಲ್ಲೆಲ್ಲ ನೋಟು ನಿಂತಿತು, ಜನ ನಾಣ್ಯಕ್ಕೆ ಒಗ್ಗಿಕೊಂಡರು. ನಮ್ಮಲ್ಲಿ ಎರಡೂ ಇವೆ, ಹಾಗಾಗಿ ಜನ ನೋಟನ್ನೇ ಕೇಳುತ್ತಾರೆ.

ನೋಟಿನ ಒಂದು ಗುಣ ಒಪ್ಪಲೇಬೇಕು: ಹಗುರ. ಹತ್ತರ ನಾಣ್ಯ 7.71 ಗ್ರಾಂ. ನೂರು ನಾಣ್ಯ ಅಂದರೆ ಮುಕ್ಕಾಲು ಕಿಲೋ ಮೀರುತ್ತದೆ, ಜೇಬು ಜೋತು ಬೀಳುತ್ತದೆ.

ಆದರೆ "ಈ ನಾಣ್ಯ ನಡೆಯಲ್ಲ" ಅನ್ನುವ ಮಾತು ಮಾತ್ರ ಸುಳ್ಳು. ಕಳೆದ ವಾರ ಧಾರವಾಡದ ಒಂದು ಅಂಗಡಿಯಲ್ಲಿ ಅಜ್ಜಿಯೊಬ್ಬರ ಎರಡು ನಾಣ್ಯ ವಾಪಸ್ ಕೊಟ್ಟರು. ನನಗೆ ತುಂಬಾ ಬೇಜಾರಾಯಿತು. ಹತ್ತರ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ರೂಪಾಯಿ ಚಿಹ್ನೆ ಇರಲಿ, ಇಲ್ಲದಿರಲಿ, ಎರಡೂ ಅಸಲಿಯೇ.

ಚಹಾ, ತರಕಾರಿ, ಮಿರ್ಚಿ ಭಜಿ ವ್ಯಾಪಾರವಾದರೆ ನಾಣ್ಯವನ್ನೇ ಇಟ್ಟುಕೊಳ್ಳಿ. ಒದ್ದೆ ಕೈಗೆ ಅದೇ ಸರಿ. ಊರೂರು ತಿರುಗುವವರು ನೋಟು ಇಟ್ಟುಕೊಳ್ಳಲಿ.