ಆಫ್ಟರ್‌ಮಾರ್ಕೆಟ್ ಹೀಟರ್ ಕೋರ್: ಎರಡು ಮಳೆಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪಾರ್ಟ್ ಚೆನ್ನಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಅಲ್ಯೂಮಿನಿಯಂ ಹೀಟರ್ ಕೋರ್ ಇದು, ಕಾರು ಕಂಪನಿಯದ್ದಲ್ಲ, ಬೇರೆಯವರು ಮಾಡಿದ್ದು. ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಬಿಸಿಯಾಗಿ ಇದರೊಳಗೆ ಹರಿದು ಕಾರೊಳಗೆ ಬರುವ ಗಾಳಿಯನ್ನು ಬಿಸಿ ಮಾಡುತ್ತದೆ. ಒರಿಜಿನಲ್‌ನ ಅರ್ಧಕ್ಕಿಂತ ಕಡಿಮೆ ಬೆಲೆ. ಎರಡು ಮಳೆಗಾಲ ಶಿರಾಡಿ ಘಾಟಿ ಹತ್ತಿ ಇಳಿದರೂ ಒಂದು ಹನಿ ಸೋರಿಲ್ಲ. ಆದರೆ ಇದನ್ನು ಹಾಕಿಸಬೇಕು ಎಂದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಲೇಬರ್ ಬಿಲ್ ಪಾರ್ಟ್‌ನ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಸೋರುತ್ತಿರುವುದು ಹೀಟರ್ ಕೋರೇ ಅಂತ ಖಾತ್ರಿ ಆಗುವವರೆಗೆ ಸ್ಕ್ರೂಡ್ರೈವರ್ ಮುಟ್ಟಲು ಬಿಡಬೇಡಿ.

ನನ್ನದು ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್. ಮಳೆಯಲ್ಲಿ ಗಾಜಿಗೆ ಬಿಸಿ ಗಾಳಿ ಬಿಟ್ಟರೆ ಮಂಜು ಹೋಗುವ ಬದಲು ಇನ್ನೂ ಜಾಸ್ತಿ ಕಟ್ಟುತ್ತಿತ್ತು. ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಸವರಿದ ಹಾಗೆ ಜಿಡ್ಡು. ಕಾರೊಳಗೆ ಒಂಥರಾ ಸಿಹಿ ವಾಸನೆ. ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿತ್ತು, ಕಾರಿನ ಕೆಳಗೆ ನೋಡಿದರೆ ನೆಲ ಒಣಗಿರುತ್ತಿತ್ತು. ಎಡಗಡೆ ಸೀಟಿನ ಮ್ಯಾಟ್ ಎತ್ತಿದಾಗ ಕಾರ್ಪೆಟ್ ತೊಯ್ದಿತ್ತು.

ಗ್ಯಾರೇಜಿನವರು ನೋಡಿದ ತಕ್ಷಣ ‘ಎಸಿ ನೀರು ಸಾರ್, ಡ್ರೈನ್ ಪೈಪ್ ಕಟ್ಟಿಕೊಂಡಿದೆ’ ಅಂದರು. ಅದೂ ಆಗುವಂಥದ್ದೇ. ವ್ಯತ್ಯಾಸ ತಿಳಿಯಲು ಒಂದು ಬಿಳಿ ಟಿಶ್ಯೂ ಸಾಕು. ಒದ್ದೆ ಜಾಗಕ್ಕೆ ಒತ್ತಿ ನೋಡಿ. ಎಸಿ ನೀರಿಗೆ ಬಣ್ಣವಿಲ್ಲ, ಬೇಗ ಒಣಗುತ್ತದೆ. ನನ್ನ ಟಿಶ್ಯೂ ತಿಳಿಹಸಿರಾಯಿತು, ಬೆರಳಿಗೆ ಜಾರುತ್ತಿತ್ತು. ರುಚಿ ಮಾತ್ರ ನೋಡಬೇಡಿ, ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮನೆಯಲ್ಲಿ ನಾಯಿ, ಸಣ್ಣ ಮಕ್ಕಳಿದ್ದರೆ ಹುಷಾರು, ಸಿಹಿ ಅಂತ ನೆಕ್ಕಿಬಿಡಬಹುದು.

ಆಮೇಲೆ ಪ್ರೆಶರ್ ಟೆಸ್ಟ್, ಅಂದರೆ ಕೂಲೆಂಟ್ ಹರಿಯುವ ದಾರಿಗೆ ಒತ್ತಡ ಕೊಟ್ಟು ಎಲ್ಲಿ ಸೋರುತ್ತದೆ ಅಂತ ನೋಡುವುದು. ಇಂಜಿನ್ ಪೂರ್ತಿ ತಣ್ಣಗಿರಬೇಕು. ಕೂಲೆಂಟ್ ತುಂಬುವ ಜಾಗದ ಮುಚ್ಚಳ ತೆಗೆದು ಅಲ್ಲಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ನನ್ನದರಲ್ಲಿ 1.1 ಬಾರ್, ಅಂದರೆ ಸುಮಾರು 16 ಪಿಎಸ್‌ಐ. ಪಂಪಿನ ಮೀಟರ್ ಮುಳ್ಳು ಮೆಲ್ಲಗೆ ಇಳಿಯತೊಡಗಿತು, ಅಂದರೆ ಎಲ್ಲೋ ಸೋರುತ್ತಿದೆ. ಬಾನೆಟ್ ಕೆಳಗೆ ಎಲ್ಲೂ ಪಸೆ ಇರಲಿಲ್ಲ. ಮೆಕ್ಯಾನಿಕ್ ಮೊಬೈಲ್ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಹೀಟರ್ ಬಾಕ್ಸಿನ ತಳದ ಅಂಚಿನಲ್ಲಿ ಹಸಿರು ಹನಿಯೊಂದು ದಪ್ಪವಾಗುತ್ತಾ ಬಂದು ತೊಟ್ಟಿಕ್ಕಿತು. ಪೈಪು ಕೋರ್‌ಗೆ ಸೇರುವ ಜಾಗದ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಅನ್ನೂ ನೋಡಿಸಿದೆ. ಎಷ್ಟೋ ಸಲ ಸೋರುವುದು ಅಲ್ಲೇ, ಕೆಲವು ಕಾರುಗಳಲ್ಲಿ ಡ್ಯಾಶ್ ಬಿಚ್ಚದೆಯೇ ಅದನ್ನು ಬದಲಾಯಿಸಬಹುದು. ನನಗೆ ಆ ಅದೃಷ್ಟ ಇರಲಿಲ್ಲ.

‘ಎರಡೂ ಹೀಟರ್ ಪೈಪ್ ಒಂದಕ್ಕೊಂದು ಜೋಡಿಸಿ ಬಿಟ್ಬಿಡೋಣ ಸಾರ್, ನಮ್ಮೂರಲ್ಲಿ ಹೀಟರ್ ಯಾಕೆ?’ ಅಂದರು ಮೆಕ್ಯಾನಿಕ್. ಹಾಗೆ ಮಾಡಿದರೆ ಕೂಲೆಂಟ್ ಕೋರ್‌ಗೆ ಹೋಗುವುದೇ ಇಲ್ಲ, ಹೀಟರ್ ಕೆಲಸ ಮಾಡುವುದಿಲ್ಲ. ಬೆಂಗಳೂರಲ್ಲೇ ಓಡಾಡುವವರಿಗೆ ಇದು ಒಳ್ಳೆಯ ಸಲಹೆಯೇ, ಖರ್ಚೂ ಕಡಿಮೆ. ನನಗೆ ಮಲೆನಾಡಿನ ಮಳೆಯಲ್ಲಿ ಓಡಿಸಬೇಕು. ಎಸಿಯು ಗಾಳಿಯಲ್ಲಿನ ತೇವ ತೆಗೆದು, ಆ ಗಾಳಿಯನ್ನು ಹೀಟರ್ ಬಿಸಿ ಮಾಡಿ ಗಾಜಿಗೆ ಊದಿದರೆ ಮಂಜು ಬೇಗ ಬಿಡುತ್ತದೆ. ಬರೀ ಎಸಿ ಹಾಕಿಕೊಂಡು ನಡುಗುತ್ತಾ ಹೋಗೋದು ಬೇಡ ಅನ್ನಿಸಿತು. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳಿಗಂತೂ ನಾನು ಒಪ್ಪಲಿಲ್ಲ. ಅವು ತೂತು ಮುಚ್ಚುವ ಜೊತೆಗೆ ಕೋರ್‌ನ ಸಣ್ಣ ನಾಳಗಳನ್ನೂ ಕಟ್ಟಿಬಿಡಬಹುದು.

ಕೆಲಸಕ್ಕೆ ಮೊದಲು ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟರು, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಅಕಸ್ಮಾತ್ ಸಿಡಿಯಬಾರದಲ್ಲ. ನನ್ನ ಕಾರಲ್ಲಿ ಎಸಿ ಗ್ಯಾಸ್ ಕೂಡ ತೆಗೆದು ಮತ್ತೆ ತುಂಬಬೇಕಾಯಿತು, ಈ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಹಳೆ ಕೋರ್ ಹೊರಬಂದಾಗ ಒಳಗೆಲ್ಲ ಬಿಳಿ ಪೊರೆ. ಹಿಂದಿನ ಮಾಲೀಕರು ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸುತ್ತಿದ್ದರೇನೋ. ಓ-ರಿಂಗ್, ಹೋಸ್, ಕ್ಲಿಪ್ ಎಲ್ಲ ಹೊಸದು ಹಾಕಿಸಿದೆ. ಕಾರ್ಪೆಟ್ ಎತ್ತಿ ಕೆಳಗಿನ ಫೋಮ್ ತೊಳೆದು ಬಿಸಿಲಿಗೆ ಹಾಕದಿದ್ದರೆ ಆ ವಾಸನೆ ಜನ್ಮಕ್ಕೂ ಹೋಗಲ್ಲ. ಕೂಲೆಂಟ್ ತುಂಬುವಾಗ ಹೀಟರ್ ಫುಲ್ ಬಿಸಿಗೆ ಇಟ್ಟು, ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಿಸಬೇಕು. ಇಲ್ಲದಿದ್ದರೆ ಏರ್ ಲಾಕ್ ಆಗಿ, ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡು ಕೂಲೆಂಟ್ ಹರಿಯದೆ, ಇಂಜಿನ್ ವಿಪರೀತ ಬಿಸಿಯಾಗಬಹುದು.

ಕೊರತೆಗಳೂ ಇವೆ. ಕೋರ್ ಸುತ್ತ ಅಂಟಿಸಿ ಬಂದ ಫೋಮ್ ಪಟ್ಟಿ ತೀರಾ ತೆಳು. ಗಾಳಿ ಪಕ್ಕದಿಂದ ನುಸುಳದಂತೆ ಮೆಕ್ಯಾನಿಕ್ ಬೇರೆ ಪಟ್ಟಿ ಕತ್ತರಿಸಿ ಅಂಟಿಸಬೇಕಾಯಿತು. ಡ್ಯಾಶ್‌ಬೋರ್ಡಿನ ಒಂದೆರಡು ಕ್ಲಿಪ್ ಮುರಿದವು, ಈಗ ಹಂಪ್ ಮೇಲೆ ಕಿರಕಿರ ಅನ್ನುತ್ತದೆ. ಅದಕ್ಕೆ ಪಾರ್ಟ್‌ನ ಅಂಕ ಕಳೆಯುವುದಿಲ್ಲ, ಫೋಮ್‌ಗೆ ಒಂದು ಕಳೆಯುತ್ತೇನೆ. ಐದಕ್ಕೆ ನಾಲ್ಕು.

ಕೊಳ್ಳುವುದಾದರೆ ಹಳೆಯ ಕೋರ್ ಬಿಚ್ಚಿಸಿ ಅಂಗಡಿಗೇ ಒಯ್ಯಿರಿ. ಒಂದೇ ಮಾಡೆಲ್‌ನಲ್ಲೂ ಪೈಪಿನ ದಪ್ಪ, ಬಾಗು ಬೇರೆ ಬೇರೆ ಇರಬಹುದು. ಪಕ್ಕಪಕ್ಕ ಇಟ್ಟು ಹೋಲಿಸಿ, ಬಿಲ್ ತಗೊಂಡೇ ಬನ್ನಿ.